ಐರ್ಲೆಂಡ್: ಸ್ವಾತಂತ್ರ್ಯಕ್ಕೂ ಮೊದಲೇ ಬಂದ ಗಡಿ

ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟವನ್ನು ನಾವು ಓದಿಕೊಳ್ಳುವುದು ಹೆಚ್ಚಾಗಿ ನಮ್ಮದೇ ಕಥೆಯ ಅಚ್ಚಿನಲ್ಲಿ. ಒಂದು ಕಡೆ ಬ್ರಿಟಿಷರು, ಇನ್ನೊಂದು ಕಡೆ ನಾಡಿನ ಜನ, ಕೊನೆಗೆ ಹೊರಡುವ ಗಡಿಬಿಡಿಯಲ್ಲಿ ಒಂದು ವಿಭಜನೆ. ಐರ್ಲೆಂಡ್ ಈ ಅಚ್ಚಿನಲ್ಲಿ ಕೂರುವುದಿಲ್ಲ. ಆ ದ್ವೀಪವನ್ನು ಎರಡು ಮಾಡಿದ ಕಾಯ್ದೆ ಪಾಸಾದದ್ದು 1920ರ ಡಿಸೆಂಬರಿನಲ್ಲಿ. ಸ್ವಾತಂತ್ರ್ಯದ ಒಪ್ಪಂದಕ್ಕೆ ಸಹಿ ಬಿದ್ದದ್ದು 1921ರ ಡಿಸೆಂಬರಿನಲ್ಲಿ. ಐರಿಷ್ ನಾಯಕರು ಮಾತುಕತೆಗೆಂದು ಲಂಡನ್ನಿಗೆ ಹೋಗುವ ಹೊತ್ತಿಗೆ ಗಡಿ ಆಗಲೇ ಇತ್ತು, ಅದರಾಚೆ ಒಂದು ಸರ್ಕಾರ ಕೆಲಸ ಶುರುಮಾಡಿಯಾಗಿತ್ತು. ಮುಂದೆ ಇದೇ ಒಪ್ಪಂದದ ಮೇಲೆ ಹೋರಾಟಗಾರರು ಎರಡಾಗಿ ಒಬ್ಬರನ್ನೊಬ್ಬರು ಕೊಂದರಲ್ಲ, ಆಗಲೂ ಜಗಳದ ನಡುಮಧ್ಯೆ ಇದ್ದದ್ದು ಗಡಿಯಲ್ಲ, ಇಂಗ್ಲೆಂಡಿನ ದೊರೆಯ ಹೆಸರಿದ್ದ ಒಂದು ಪ್ರಮಾಣವಚನ.

ಈ ವಿಚಿತ್ರ ಅರ್ಥವಾಗಬೇಕಾದರೆ ಅಲ್ಲಿದ್ದದ್ದು ಎರಡು ಪಕ್ಷವಲ್ಲ, ಮೂರು ಎಂಬುದನ್ನು ಮೊದಲು ಗಮನಿಸಬೇಕು. ದೊರೆಯ ಅಡಿಯಲ್ಲೇ ಇದ್ದುಕೊಂಡು ಡಬ್ಲಿನ್ನಿನಲ್ಲಿ ನಮ್ಮದೇ ಶಾಸನಸಭೆ ಇರಲಿ ಎಂದವರು ರಾಷ್ಟ್ರವಾದಿಗಳು. ಅವರ ಬೇಡಿಕೆಯ ಹೆಸರು ಹೋಮ್ ರೂಲ್. ದೊರೆಯೂ ಬೇಡ, ಲಂಡನ್ನೂ ಬೇಡ, ಪೂರ್ಣ ಗಣರಾಜ್ಯವೇ ಆಗಬೇಕು ಎಂದವರು ಗಣರಾಜ್ಯವಾದಿಗಳು. ಬಹುಕಾಲ ಇವರು ಬೆರಳೆಣಿಕೆಯ ಗುಂಪು. ಏನೂ ಬದಲಾಗುವುದು ಬೇಡ, ನಾವು ಬ್ರಿಟನ್ನಿನ ಭಾಗವಾಗಿಯೇ ಇರುತ್ತೇವೆ ಎಂದವರು ಯೂನಿಯನಿಸ್ಟರು. ಈ ಮೂರನೆಯವರನ್ನು ಬ್ರಿಟಿಷರ ಬಾಲಬಡುಕರು ಎಂದು ತಳ್ಳಿಹಾಕಿದರೆ ಇಡೀ ಇತಿಹಾಸವೇ ಕೈತಪ್ಪುತ್ತದೆ. ಅಗತ್ಯ ಬಿದ್ದರೆ ಬ್ರಿಟಿಷ್ ಸರ್ಕಾರದ ವಿರುದ್ಧವೇ ಬಂದೂಕು ಎತ್ತಲು ಸಿದ್ಧವಾಗಿದ್ದ ಜನ ಅವರು.

ಯೂನಿಯನಿಸ್ಟರು ಎಲ್ಲಿಂದ ಬಂದರು?

ದ್ವೀಪದ ಉತ್ತರದ ಪ್ರಾಂತ್ಯ ಅಲ್ಸ್ಟರ್. ಹದಿನೇಳನೆಯ ಶತಮಾನದ ಆರಂಭದವರೆಗೂ ಅದು ಐರಿಷ್ ಪಾಳೆಯಗಾರರ ಗಟ್ಟಿ ನೆಲೆ. 1607ರಲ್ಲಿ ಆ ಪಾಳೆಯಗಾರರು ದೇಶ ಬಿಟ್ಟು ಹೊರಟ ಮೇಲೆ ಇಂಗ್ಲೆಂಡಿನ ದೊರೆ ಅವರ ಜಮೀನನ್ನೆಲ್ಲ ಮುಟ್ಟುಗೋಲು ಹಾಕಿಕೊಂಡ. 1609ರಿಂದ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಪ್ರಾಟೆಸ್ಟೆಂಟರನ್ನು ಕರೆತಂದು ಅಲ್ಲಿ ನೆಲೆಯೂರಿಸಿದ. ನೆಲ ಕಳೆದುಕೊಂಡವರು ಕ್ಯಾಥೊಲಿಕರು, ಪಡೆದವರು ಪ್ರಾಟೆಸ್ಟೆಂಟರು. 1690ರ ಬಾಯ್ನ್ ನದಿಯ ಯುದ್ಧದಲ್ಲಿ ಪ್ರಾಟೆಸ್ಟೆಂಟ್ ದೊರೆ ವಿಲಿಯಂ ಕ್ಯಾಥೊಲಿಕ್ ದೊರೆ ಜೇಮ್ಸನನ್ನು ಸೋಲಿಸಿದ ಮೇಲೆ ಈ ಹಂಚಿಕೆ ಭದ್ರವಾಯಿತು. ಇಂದಿಗೂ ಪ್ರತಿ ಜುಲೈ 12ರಂದು ಉತ್ತರದ ಬೀದಿಗಳಲ್ಲಿ ಆರೆಂಜ್ ಆರ್ಡರ್ ಎಂಬ ಸಂಘಟನೆಯವರು ಡೋಲು ಬಡಿಯುತ್ತ ಮೆರವಣಿಗೆ ಹೊರಡುವುದು ಆ ಗೆಲುವಿನ ನೆನಪಿಗೇ.

ಹಾಗೆಂದು ಧರ್ಮ ನೋಡಿ ರಾಜಕೀಯ ಹೇಳಿಬಿಡುವಷ್ಟು ಸರಳವೂ ಅಲ್ಲ ಇದು. 1791ರಲ್ಲಿ ಯುನೈಟೆಡ್ ಐರಿಷ್‌ಮೆನ್ ಎಂಬ ಸಂಘ ಹುಟ್ಟಿದ್ದು ಬೆಲ್‌ಫಾಸ್ಟಿನಲ್ಲಿ, ಫ್ರೆಂಚ್ ಕ್ರಾಂತಿಯಿಂದ ಹುರುಪುಗೊಂಡಿದ್ದ, ಪ್ರಾಟೆಸ್ಟೆಂಟರದೇ ಒಂದು ಪಂಗಡವಾದ ಪ್ರೆಸ್ಬಿಟೇರಿಯನ್ ವರ್ತಕರ ನಡುವೆ. ಐರಿಷ್ ಗಣರಾಜ್ಯವಾದದ ಮೂಲಪುರುಷನೆಂದು ಹೆಸರಾದ ವುಲ್ಫ್ ಟೋನ್ ಪ್ರಾಟೆಸ್ಟೆಂಟ್. ಹೋಮ್ ರೂಲ್ ಚಳವಳಿಯ ಮಹಾನಾಯಕ ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್ ಪ್ರಾಟೆಸ್ಟೆಂಟ್ ಜಮೀನ್ದಾರ. ಟೋನ್ ಮತ್ತು ಅವನ ಸಂಘದವರ ದಂಗೆ 1798ರಲ್ಲಿ ರಕ್ತದಲ್ಲಿ ಮುಳುಗಿತು. ಲಂಡನ್ ಡಬ್ಲಿನ್ನಿನ ಸಂಸತ್ತನ್ನೇ ಮುಚ್ಚಿ 1801ರ ಜನವರಿ 1ರಿಂದ ಐರ್ಲೆಂಡನ್ನು ಬ್ರಿಟನ್ನಿನೊಳಗೆ ಸೇರಿಸಿಕೊಂಡಿತು. ಈ ವಿಲೀನವೇ ‘ಯೂನಿಯನ್’.

ಆಮೇಲಿನ ನೂರು ವರ್ಷ ಉತ್ತರಕ್ಕೂ ಉಳಿದ ಭಾಗಕ್ಕೂ ಒಂದೇ ಬಗೆಯಲ್ಲಿ ಸಾಗಲಿಲ್ಲ. ಬೆಲ್‌ಫಾಸ್ಟ್ ನಾರುಬಟ್ಟೆಯಿಂದ, ಹಡಗು ಕಟ್ಟುವುದರಿಂದ ಸಾಮ್ರಾಜ್ಯದ ದೊಡ್ಡ ಕೈಗಾರಿಕಾ ಪಟ್ಟಣಗಳಲ್ಲಿ ಒಂದಾಯಿತು. ಅಲ್ಲಿನ ಪ್ರಾಟೆಸ್ಟೆಂಟ್ ಕಾರ್ಮಿಕನಿಗೆ ಯೂನಿಯನ್ ಎಂದರೆ ಮಾರುಕಟ್ಟೆ, ಕೆಲಸ, ಸಂಬಳ. ದಕ್ಷಿಣ ಮತ್ತು ಪಶ್ಚಿಮದಲ್ಲಿ ಅದೇ ಯೂನಿಯನ್ನಿನ ಅನುಭವ ಬೇರೆ. 1845ರಲ್ಲಿ ಆಲೂಗಡ್ಡೆಗೆ ಕೊಳೆರೋಗ ಬಂತು. ಬಡವರಿಗೆ ಅದನ್ನು ಬಿಟ್ಟು ಬೇರೆ ಆಹಾರವಿರಲಿಲ್ಲ. ಐದಾರು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದ, ಜ್ವರದಿಂದ ಸತ್ತರು; ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಅದೇ ವರ್ಷಗಳಲ್ಲಿ ಐರ್ಲೆಂಡಿನ ಬಂದರುಗಳಿಂದ ಧಾನ್ಯ, ದನ ರಫ್ತಾಗುತ್ತಲೇ ಇದ್ದವು. ವಲಸೆ ಹೋದವರು ಈ ಸಿಟ್ಟನ್ನು ಅಮೆರಿಕಕ್ಕೆ ಹೊತ್ತೊಯ್ದರು, ಮುಂದೆ ಹಣದ ರೂಪದಲ್ಲಿ ವಾಪಸ್ ಕಳಿಸಿದರು.

ಭೂಮಿಯ ಹೋರಾಟವನ್ನು ಇಲ್ಲಿ ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ, ನಿಜವಾಗಿ ಅದು ಇನ್ನೊಂದು ಲೇಖನವನ್ನೇ ಬೇಡುತ್ತದೆ. 1879ರಲ್ಲಿ ಮೈಕೆಲ್ ಡೇವಿಟ್, ಪಾರ್ನೆಲ್ ಕಟ್ಟಿದ ಲ್ಯಾಂಡ್ ಲೀಗ್ ಗೇಣಿದಾರರನ್ನು ಒಗ್ಗೂಡಿಸಿತು. 1903ರ ಕಾಯ್ದೆಯ ಹೊತ್ತಿಗೆ ಸರ್ಕಾರವೇ ಸಾಲ ಕೊಟ್ಟು ಜಮೀನ್ದಾರರಿಂದ ರೈತರಿಗೆ ಭೂಮಿ ಕೊಡಿಸುತ್ತಿತ್ತು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಕೇಳಿ ಬೆಳೆದ ನಮಗೆ ಇದರ ತೂಕ ವಿವರಿಸಬೇಕಿಲ್ಲ. ಲಂಡನ್ನಿನ ಲೆಕ್ಕಾಚಾರವೇನೆಂದರೆ, ನೆಲ ಸಿಕ್ಕರೆ ಹೋಮ್ ರೂಲಿನ ಬಾಯಾರಿಕೆ ತಣಿಯುತ್ತದೆ. ತಣಿಯಲಿಲ್ಲ.

ಮೊದಲು ಬಂದೂಕು ತಂದವರು

ಹೋಮ್ ರೂಲ್ ಮಸೂದೆ 1886ರಲ್ಲಿ ಕೆಳಮನೆಯಲ್ಲೇ ಬಿತ್ತು. 1893ರಲ್ಲಿ ಕೆಳಮನೆ ದಾಟಿ ಲಾರ್ಡುಗಳ ಮೇಲ್ಮನೆಯಲ್ಲಿ ಬಿತ್ತು. ಮೇಲ್ಮನೆ ಇರುವವರೆಗೆ ಯೂನಿಯನಿಸ್ಟರಿಗೆ ನಿದ್ದೆಗೆಡುವ ಕಾರಣವಿರಲಿಲ್ಲ. 1911ರಲ್ಲಿ ಹೊಸ ಕಾಯ್ದೆಯೊಂದು ಲಾರ್ಡುಗಳ ತಡೆಯುವ ಅಧಿಕಾರಕ್ಕೇ ಕತ್ತರಿ ಹಾಕಿತು. ಇನ್ನು ಅವರು ಮಸೂದೆಯನ್ನು ಎರಡು ವರ್ಷ ತಡಮಾಡಬಹುದು, ಅಷ್ಟೇ. ಮೂರನೆಯ ಮಸೂದೆ ಮಂಡನೆಯಾದದ್ದು 1912ರ ಏಪ್ರಿಲ್ 11ರಂದು. ಬೆಲ್‌ಫಾಸ್ಟಿನಲ್ಲಿ ಕಟ್ಟಿದ ಟೈಟಾನಿಕ್ ಹಡಗು ಐರ್ಲೆಂಡಿನ ಕ್ವೀನ್ಸ್‌ಟೌನ್ ಬಂದರನ್ನು ಬಿಟ್ಟು ಅಟ್ಲಾಂಟಿಕ್ಕಿಗೆ ಇಳಿದದ್ದೂ ಅದೇ ದಿನ.

ಮಸೂದೆಯಲ್ಲಿ ಇದ್ದದ್ದೇನು ಎಂದು ನೋಡಿದರೆ ಅಷ್ಟೊಂದು ಗಲಾಟೆ ಯಾಕೆ ಎನಿಸುತ್ತದೆ. ಸೈನ್ಯ, ವಿದೇಶಾಂಗ, ಯುದ್ಧ-ಶಾಂತಿ ಎಲ್ಲ ಲಂಡನ್ನಿನ ಕೈಯಲ್ಲೇ. ಡಬ್ಲಿನ್ನಿಗೆ ಸಿಗುತ್ತಿದ್ದದ್ದು ಒಳಾಡಳಿತದ ಒಂದಿಷ್ಟು ಅಧಿಕಾರ. ಆದರೆ ಭಯ ಹುಟ್ಟಿದ್ದು ಕಾಯ್ದೆಯ ಕಲಮುಗಳಿಂದಲ್ಲ, ತಲೆ ಎಣಿಕೆಯಿಂದ. ಇಡೀ ಬ್ರಿಟನ್ ಲೆಕ್ಕಕ್ಕೆ ತೆಗೆದುಕೊಂಡರೆ ಪ್ರಾಟೆಸ್ಟೆಂಟರು ಬಹುಸಂಖ್ಯಾತರು. ಐರ್ಲೆಂಡನ್ನಷ್ಟೇ ಲೆಕ್ಕ ಹಿಡಿದರೆ ಕ್ಯಾಥೊಲಿಕರೇ ಮುಕ್ಕಾಲು ಪಾಲು. ‘ಹೋಮ್ ರೂಲ್ ಎಂದರೆ ರೋಮ್ ರೂಲ್’ ಎಂಬ ಕೂಗು ಎದ್ದದ್ದು ಹೀಗೆ. ಅವರ ಭಯದಲ್ಲಿ ಮತೀಯ ದ್ವೇಷ ಸಾಕಷ್ಟಿತ್ತು, ಯಜಮಾನಿಕೆ ಕಳೆದುಕೊಳ್ಳುವ ಸಂಕಟವೂ ಇತ್ತು. ಆದರೆ ಭಯ ಮಾತ್ರ ನಟನೆಯಾಗಿರಲಿಲ್ಲ.

1912ರ ಸೆಪ್ಟೆಂಬರ್ 28ರಂದು ಬೆಲ್‌ಫಾಸ್ಟಿನ ಸಿಟಿ ಹಾಲಿನಲ್ಲಿ ವಕೀಲ ಎಡ್ವರ್ಡ್ ಕಾರ್ಸನ್ ‘ಅಲ್ಸ್ಟರ್ ಕವನೆಂಟ್’ ಎಂಬ ಪ್ರತಿಜ್ಞಾಪತ್ರಕ್ಕೆ ಮೊದಲ ಸಹಿ ಹಾಕಿದ. ಅವನ ಹಿಂದೆ 2,37,368 ಗಂಡಸರು ಸಹಿ ಮಾಡಿದರು; ಹೆಂಗಸರಿಗೆಂದು ಇದ್ದ ಇನ್ನೊಂದು ಪತ್ರಕ್ಕೆ 2,34,046 ಸಹಿ ಬಿತ್ತು. ಹೋಮ್ ರೂಲನ್ನು ತಡೆಯಲು ‘ಅಗತ್ಯವಾದ ಎಲ್ಲ ಮಾರ್ಗ’ವನ್ನೂ ಹಿಡಿಯುತ್ತೇವೆ ಎಂಬುದು ಅದರ ಒಕ್ಕಣೆ. ಎಲ್ಲ ಮಾರ್ಗ ಎಂದರೇನು ಎಂಬುದು ಬೇಗನೆ ಸ್ಪಷ್ಟವಾಯಿತು. 1913ರ ಜನವರಿಯಲ್ಲಿ ಅಲ್ಸ್ಟರ್ ವಾಲಂಟಿಯರ್ ಫೋರ್ಸ್ ಎಂಬ ಖಾಸಗಿ ಸೇನೆ ಹುಟ್ಟಿತು. 1914ರ ಏಪ್ರಿಲ್ 24ರ ರಾತ್ರಿ ಲಾರ್ನ್ ಬಂದರಿನಲ್ಲಿ ಜರ್ಮನಿಯಿಂದ ತಂದ ಸುಮಾರು 25,000 ಬಂದೂಕು, ಲಕ್ಷಗಟ್ಟಲೆ ತೋಟಾ ಇಳಿದವು. ಯಾರೂ ತಡೆಯಲಿಲ್ಲ. ಬ್ರಿಟನ್ನಿನ ವಿರೋಧಪಕ್ಷದ ನಾಯಕ ಬೋನರ್ ಲಾ, ಅಲ್ಸ್ಟರ್ ಎಷ್ಟು ದೂರ ಹೋದರೂ ನನ್ನ ಬೆಂಬಲವಿದೆ ಎಂದು ಬಹಿರಂಗವಾಗಿಯೇ ಹೇಳಿದ್ದ. ಲಾರ್ನ್ ಘಟನೆಗೂ ಒಂದು ತಿಂಗಳ ಹಿಂದೆ, ಡಬ್ಲಿನ್ ಸಮೀಪದ ಕರಾ ದಂಡುಪ್ರದೇಶದ ಐವತ್ತಕ್ಕೂ ಹೆಚ್ಚು ಸೇನಾಧಿಕಾರಿಗಳು, ಅಲ್ಸ್ಟರ್ ವಿರುದ್ಧ ನಡೆಯಿರಿ ಎಂದರೆ ರಾಜೀನಾಮೆ ಕೊಡುತ್ತೇವೆ ಎಂದಿದ್ದರು. ಚುನಾಯಿತ ಸಂಸತ್ತು ಪಾಸುಮಾಡುತ್ತಿದ್ದ ಕಾನೂನನ್ನು ಬಂದೂಕಿನಿಂದ ತಡೆಯಬಹುದು ಎಂಬ ಪಾಠವನ್ನು ಐರ್ಲೆಂಡಿಗೆ ಆ ಕಾಲದಲ್ಲಿ ಕಲಿಸಿದವರು, ತಮ್ಮನ್ನು ದೊರೆಯ ನಿಷ್ಠಾವಂತ ಪ್ರಜೆಗಳೆಂದು ಕರೆದುಕೊಂಡವರೇ.

ಪಾಠವನ್ನು ಇನ್ನೊಂದು ಬಣವೂ ಕಲಿಯಿತು. 1913ರ ನವೆಂಬರಿನಲ್ಲಿ ಡಬ್ಲಿನ್ನಿನಲ್ಲಿ ಇತಿಹಾಸದ ಪ್ರಾಧ್ಯಾಪಕ ಓಯನ್ ಮೆಕ್‌ನೀಲ್ ಮುಂದಾಳತ್ವದಲ್ಲಿ ಐರಿಷ್ ವಾಲಂಟಿಯರ್ಸ್ ಪಡೆ ಎದ್ದಿತು. 1914ರ ಜುಲೈ 26ರಂದು ಎರ್ಸ್ಕಿನ್ ಚಿಲ್ಡರ್ಸ್ ತನ್ನ ವಿಹಾರನೌಕೆಯಲ್ಲಿ ಅವರಿಗಾಗಿ ಹೌತ್ ಬಂದರಿಗೆ 900 ಬಂದೂಕು ತಂದ. ಈ ಸಲ ಸೈನ್ಯ ಅಡ್ಡಬಂತು. ಅಂದು ಸಂಜೆ ಡಬ್ಲಿನ್ನಿನ ಬೀದಿಯಲ್ಲಿ ಜನರ ಮೇಲೆ ಗುಂಡು ಹಾರಿ ಮೂವರು ಸತ್ತರು. ಲಾರ್ನ್‌ಗೆ ಒಂದು ನ್ಯಾಯ, ಹೌತ್‌ಗೆ ಇನ್ನೊಂದು ಎಂಬ ಮಾತು ಮನೆಮನೆಗೆ ಹೋಯಿತು. ಅದೇ ವಾರ ದೊರೆಯ ಅರಮನೆಯಲ್ಲಿ ನಡೆದ ಸಂಧಾನ ಸಭೆ ಮುರಿದುಬಿದ್ದಿತ್ತು. ಅಲ್ಸ್ಟರಿನ ಒಂದು ಭಾಗವನ್ನು ಹೋಮ್ ರೂಲಿನಿಂದ ಹೊರಗಿಡುವ ಮಾತು ಅಲ್ಲಿ ಸಿಕ್ಕಿಕೊಂಡದ್ದು ಎರಡು ಕೌಂಟಿಗಳ (ಜಿಲ್ಲೆಗಳ) ಮೇಲೆ: ಫರ್ಮಾನಾ ಮತ್ತು ಟಿರೋನ್. ಈ ಎರಡು ಹೆಸರು ನೆನಪಿನಲ್ಲಿರಲಿ.

ಆಗಸ್ಟಿನಲ್ಲಿ ಮಹಾಯುದ್ಧ ಬಂತು. ಹೋಮ್ ರೂಲ್ ಕಾಯ್ದೆಗೆ ಸೆಪ್ಟೆಂಬರಿನಲ್ಲಿ ದೊರೆಯ ಅಂಕಿತವೂ ಬಿತ್ತು, ಯುದ್ಧ ಮುಗಿಯುವವರೆಗೆ ಜಾರಿ ಬೇಡ ಎಂದೂ ಆಯಿತು. ರಾಷ್ಟ್ರವಾದಿ ನಾಯಕ ಜಾನ್ ರೆಡ್ಮಂಡ್, ಬ್ರಿಟನ್ನಿನ ಪರ ಹೋರಾಡಿದರೆ ಕೊಟ್ಟ ಮಾತು ಉಳಿಯುತ್ತದೆ ಎಂದು ನಂಬಿ ತನ್ನವರನ್ನು ಸೈನ್ಯಕ್ಕೆ ಕಳಿಸಿದ. ಕಾರ್ಸನ್ ಕೂಡ ಕಳಿಸಿದ. ಎರಡೂ ಕಡೆಯ ಹುಡುಗರು ಫ್ರಾನ್ಸಿನ ಕಂದಕಗಳಲ್ಲಿ ಸತ್ತರು.

ಆರು ದಿನದ ದಂಗೆ, ಹತ್ತು ದಿನದ ಗುಂಡು

ಉಳಿದದ್ದು ಗಣರಾಜ್ಯವಾದಿಗಳ ಸಣ್ಣ ಗುಂಪು. ಇಂಗ್ಲೆಂಡಿಗೆ ಕಷ್ಟ ಬಂದಾಗಲೇ ಐರ್ಲೆಂಡಿಗೆ ಅವಕಾಶ ಎಂಬುದು ಅವರ ಹಳೆಯ ನಂಬಿಕೆ. 1916ರ ಏಪ್ರಿಲ್ 24, ಈಸ್ಟರ್ ಸೋಮವಾರ, ಶಾಲೆ ನಡೆಸುತ್ತಿದ್ದ ಕವಿ ಪ್ಯಾಟ್ರಿಕ್ ಪಿಯರ್ಸ್ ಡಬ್ಲಿನ್ನಿನ ಜನರಲ್ ಪೋಸ್ಟ್ ಆಫೀಸಿನ ಮುಂದೆ ನಿಂತು ಐರಿಷ್ ಗಣರಾಜ್ಯವನ್ನು ಘೋಷಿಸಿದ. ಕೇಳಿಸಿಕೊಂಡವರು ದಾರಿಹೋಕರು. ಜರ್ಮನಿಯಿಂದ ಬರಬೇಕಿದ್ದ ಆಯುಧ ಕೈಸೇರಿರಲಿಲ್ಲ. ವಾಲಂಟಿಯರ್ಸ್ ಮುಖ್ಯಸ್ಥ ಮೆಕ್‌ನೀಲ್ ಕಾರ್ಯಾಚರಣೆ ರದ್ದೆಂದು ಪತ್ರಿಕೆಯಲ್ಲೇ ಪ್ರಕಟಿಸಿದ್ದ. ಶನಿವಾರಕ್ಕೆ ಶರಣಾಗತಿ. ಸತ್ತವರು ಸುಮಾರು 485, ಅರ್ಧಕ್ಕೂ ಹೆಚ್ಚು ಮಂದಿ ಸಾಮಾನ್ಯ ನಾಗರಿಕರು. ಸೆರೆಯಾದ ದಂಗೆಕೋರರನ್ನು ಬೀದಿಯಲ್ಲಿ ಕರೆದೊಯ್ಯುವಾಗ ಡಬ್ಲಿನ್ನಿನ ಎಷ್ಟೋ ಜನ ಅವರನ್ನೇ ಬೈದರು.

ಆಮೇಲೆ ಜನರಲ್ ಮ್ಯಾಕ್ಸ್‌ವೆಲ್ ಮಾಡಿದ ಕೆಲಸ ಎಲ್ಲವನ್ನೂ ಬದಲಿಸಿತು. ಗುಟ್ಟಿನ ಸೇನಾ ವಿಚಾರಣೆ ನಡೆಸಿ, ಮೇ 3ರಿಂದ 12ರವರೆಗೆ, ಒಂದೇ ದಿನ ಮುಗಿಸದೆ ಬಿಡಿಬಿಡಿಯಾಗಿ 15 ಜನರಿಗೆ ಗುಂಡಿಕ್ಕಿಸಿದ. ಕೊನೆಯ ದಿನದ ಸರದಿ ಕಾರ್ಮಿಕ ನಾಯಕ ಜೇಮ್ಸ್ ಕಾನಲಿಯದು. ಗಾಯಗೊಂಡು ನಿಲ್ಲಲಾರದ ಅವನನ್ನು ಕುರ್ಚಿಯಲ್ಲಿ ಕೂರಿಸಿ ಕೊಂದರು. ಹತ್ತು ದಿನ ಪ್ರತಿ ಬೆಳಿಗ್ಗೆ ಪತ್ರಿಕೆ ಬಿಡಿಸುತ್ತಿದ್ದ ಜನರ ಮನಸ್ಸು ಒಳಗೊಳಗೇ ತಿರುಗಿತು. ದಂಗೆಯಲ್ಲಿ ಪಿಯರ್ಸ್‌ಗೆ ಸಿಗದ ಬೆಂಬಲವನ್ನು ಮ್ಯಾಕ್ಸ್‌ವೆಲ್ ದೊರಕಿಸಿಕೊಟ್ಟ.

ಇಲ್ಲಿ ಕರ್ನಾಟಕದ ಒಂದು ಎಳೆ ಇದೆ. ಅದೇ 1916ರ ಏಪ್ರಿಲ್ ತಿಂಗಳಲ್ಲಿ ಬೆಳಗಾವಿಯಲ್ಲಿ ಸೇರಿದ್ದ ಮುಂಬಯಿ ಪ್ರಾಂತೀಯ ಸಮ್ಮೇಳನದಲ್ಲಿ ಲೋಕಮಾನ್ಯ ತಿಲಕರು ತಮ್ಮ ಹೋಮ್ ರೂಲ್ ಲೀಗ್ ಸ್ಥಾಪಿಸಿದರು. ಸೆಪ್ಟೆಂಬರಿನಲ್ಲಿ ಆನಿ ಬೆಸೆಂಟ್ ಮದರಾಸಿನಲ್ಲಿ ತಮ್ಮದನ್ನು ಶುರುಮಾಡಿದರು. ಐರ್ಲೆಂಡಿನಿಂದ ಹೆಸರು ಎರವಲು ತಂದು ನಾವು ಹೋಮ್ ರೂಲ್ ಎನ್ನಲು ತೊಡಗಿದ ತಿಂಗಳಲ್ಲೇ ಐರ್ಲೆಂಡ್ ಅದನ್ನು ದಾಟಿ ಮುಂದೆ ಹೋಗತೊಡಗಿತ್ತು.

1918ರಲ್ಲಿ ಐರಿಷ್ ಯುವಕರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವ ಬೆದರಿಕೆ ಹಾಕಿದ್ದು ಉಳಿದ ಕೆಲಸ ಮುಗಿಸಿತು. ಡಿಸೆಂಬರಿನ ಚುನಾವಣೆಯಲ್ಲಿ 105 ಸ್ಥಾನಗಳ ಪೈಕಿ ಗಣರಾಜ್ಯವಾದಿಗಳ ಶಿನ್ ಫೇನ್ ಪಕ್ಷ 73 ಗೆದ್ದಿತು. ರೆಡ್ಮಂಡರ ಹಳೆಯ ಪಕ್ಷಕ್ಕೆ ಉಳಿದದ್ದು ಆರು. ಮಧ್ಯದ ದಾರಿ ಹೀಗೆ ಮುಚ್ಚಿಹೋಯಿತು. ಗೆದ್ದವರು ಲಂಡನ್ನಿಗೆ ಹೋಗದೆ 1919ರ ಜನವರಿ 21ರಂದು ಡಬ್ಲಿನ್ನಿನಲ್ಲಿ ತಮ್ಮದೇ ಸಂಸತ್ತು ‘ಡಾಲ್’ ಸೇರಿಸಿದರು. ಅದೇ ದಿನ ಟಿಪರೆರಿಯಲ್ಲಿ ಇಬ್ಬರು ಪೊಲೀಸರನ್ನು ಹೊಂಚುಹಾಕಿ ಕೊಂದದ್ದರಿಂದ ಎರಡೂವರೆ ವರ್ಷದ ಗೆರಿಲ್ಲಾ ಯುದ್ಧ ಆರಂಭವಾಯಿತೆಂದು ಲೆಕ್ಕ. ಗಣರಾಜ್ಯವಾದಿ ನಾಯಕ ಮೈಕೆಲ್ ಕಾಲಿನ್ಸನ ಗೂಢಚರ ಜಾಲ, ಬ್ಲ್ಯಾಕ್ ಅಂಡ್ ಟ್ಯಾನ್ಸ್ ಎಂಬ ಪೊಲೀಸ್ ಪಡೆಯ ದೌರ್ಜನ್ಯ, ಸುಟ್ಟುಹೋದ ಕಾರ್ಕ್ ಪಟ್ಟಣ, 74 ದಿನ ಉಪವಾಸವಿದ್ದು ಸತ್ತ ಆ ಪಟ್ಟಣದ ಮೇಯರ್ ಟೆರೆನ್ಸ್ ಮೆಕ್‌ಸ್ವೀನಿ: ಈ ಭಾಗ ಹೆಚ್ಚು ಜನರಿಗೆ ಗೊತ್ತಿರುವುದೇ.

ಒಂಬತ್ತು ಹೋಗಿ ಆರಾದದ್ದು

ಈ ಯುದ್ಧದ ಹೊಗೆಯ ನಡುವೆಯೇ ಲಂಡನ್ 1920ರ ಕಾಯ್ದೆ ತಂದಿತು. ಅಲ್ಸ್ಟರಿನಲ್ಲಿ ಇದ್ದದ್ದು ಒಂಬತ್ತು ಕೌಂಟಿ. ಒಂಬತ್ತನ್ನೂ ಇಟ್ಟುಕೊಂಡರೆ ಪ್ರಾಟೆಸ್ಟೆಂಟರ ಬಹುಮತ ತೀರಾ ತೆಳು. ಡಾನಿಗಾಲ್, ಕ್ಯಾವನ್, ಮಾನಹನ್ ಮೂರನ್ನು ಬಿಟ್ಟರೆ ಮೂರನೇ ಎರಡರಷ್ಟು, ಗಟ್ಟಿ. ಯೂನಿಯನಿಸ್ಟ್ ನಾಯಕರು ಆರನ್ನು ಆರಿಸಿಕೊಂಡರು. ಬಿಟ್ಟುಹೋದ ಮೂರು ಕೌಂಟಿಗಳ ಪ್ರಾಟೆಸ್ಟೆಂಟರೂ 1912ರಲ್ಲಿ ಅದೇ ಪ್ರತಿಜ್ಞೆಗೆ ಸಹಿ ಹಾಕಿದ್ದವರೇ. ಅವರಿಗೆ ಇದು ಬೆನ್ನಿಗೆ ಹಾಕಿದ ಚೂರಿ. ಇತ್ತ, ಕ್ಯಾಥೊಲಿಕರೇ ಹೆಚ್ಚಿದ್ದ ಫರ್ಮಾನಾ, ಟಿರೋನ್‌ಗಳು ಉತ್ತರದ ಪಾಲಾದವು. ಒಂದು ಅಲ್ಪಸಂಖ್ಯಾತ ಸಮುದಾಯವನ್ನು ಉಳಿಸಲೆಂದು ಎಳೆದ ಗೆರೆ ಇನ್ನೊಂದು ಅಲ್ಪಸಂಖ್ಯಾತ ಸಮುದಾಯವನ್ನು ಸೃಷ್ಟಿಸಿತು.

ಕಾಯ್ದೆ ಬೆಲ್‌ಫಾಸ್ಟಿಗೂ ಡಬ್ಲಿನ್ನಿಗೂ ಒಂದೊಂದು ಶಾಸನಸಭೆ ಕೊಟ್ಟಿತು. ದಕ್ಷಿಣದ ಸಭೆಗೆ ಶಿನ್ ಫೇನ್ ಸದಸ್ಯರು ಕಾಲಿಡಲೇ ಇಲ್ಲ. ಕೆಳಮನೆಗೆ ಬಂದವರು ವಿಶ್ವವಿದ್ಯಾಲಯದ ನಾಲ್ಕು ಪ್ರತಿನಿಧಿಗಳು. ಹೋಮ್ ರೂಲ್ ಬೇಡ ಎಂದು ಸೇನೆ ಕಟ್ಟಿದ್ದ ಉತ್ತರದವರೇ ಕೊನೆಗೆ ಅದನ್ನು ಪಡೆದು ಐವತ್ತು ವರ್ಷ ಆಳಿದರು. ಕಾರ್ಸನ್‌ಗಂತೂ ಇದು ಸೋಲೇ. ಅವನು ಹುಟ್ಟಿದ್ದು ಡಬ್ಲಿನ್ನಿನಲ್ಲಿ. ಅವನಿಗೆ ಇಡೀ ದ್ವೀಪವೇ ಯೂನಿಯನ್ನಿನಲ್ಲಿ ಉಳಿಯಬೇಕಿತ್ತು. 1921ರ ಡಿಸೆಂಬರಿನಲ್ಲಿ ಅವನು ಲಾರ್ಡುಗಳ ಸಭೆಯಲ್ಲಿ ಎದ್ದು, ಕನ್ಸರ್ವೇಟಿವ್ ಪಕ್ಷವನ್ನು ಅಧಿಕಾರಕ್ಕೆ ತರುವ ಆಟದಲ್ಲಿ ನಾನೂ ಅಲ್ಸ್ಟರೂ ಐರ್ಲೆಂಡೂ ಬರೀ ಬೊಂಬೆಗಳಾದೆವು, ಎಂಥ ಮೂರ್ಖ ನಾನು ಎಂದು ಹಲುಬಿದ.

1921ರ ಜುಲೈನಲ್ಲಿ ಕದನವಿರಾಮ. ಡಿಸೆಂಬರ್ 6ರ ನಸುಕಿನಲ್ಲಿ ಒಪ್ಪಂದ. ಡಾಲ್‌ನ ಅಧ್ಯಕ್ಷ ಎಮನ್ ಡಿ ವೆಲೆರಾ ಲಂಡನ್ನಿಗೆ ಹೋಗದೆ ಕಾಲಿನ್ಸ್, ಆರ್ಥರ್ ಗ್ರಿಫಿತ್ ಮೊದಲಾದವರನ್ನು ಕಳಿಸಿದ್ದ. ಅದು ಯಾಕೆ ಎಂಬುದರ ಮೇಲೆ ಐರ್ಲೆಂಡಿನಲ್ಲಿ ಇಂದಿಗೂ ಜಗಳ ನಡೆಯುತ್ತದೆ. ಸಹಿ ಹಾಕದಿದ್ದರೆ ಘೋರ ಯುದ್ಧ ಎಂದು ಪ್ರಧಾನಿ ಲಾಯ್ಡ್ ಜಾರ್ಜ್ ಹೆದರಿಸಿದ. ಸಿಕ್ಕಿದ್ದು ಕೆನಡಾದಂಥ ಡೊಮಿನಿಯನ್ ಸ್ಥಾನಮಾನದ ‘ಐರಿಷ್ ಫ್ರೀ ಸ್ಟೇಟ್’. ಸದಸ್ಯರು ಮೊದಲು ಸಂವಿಧಾನಕ್ಕೆ, ಆಮೇಲೆ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಪೂರ್ಣ ಸ್ವಾತಂತ್ರ್ಯವಲ್ಲದಿದ್ದರೂ ಅಲ್ಲಿಗೆ ಹೋಗುವ ಸ್ವಾತಂತ್ರ್ಯ ಸಿಕ್ಕಿದೆ ಎಂದ ಕಾಲಿನ್ಸ್. ಗಣರಾಜ್ಯಕ್ಕೆ ಪ್ರಮಾಣ ಮಾಡಿ ಸತ್ತವರಿಗೆ ಏನು ಹೇಳುತ್ತೀರಿ ಎಂದರು ವಿರೋಧಿಗಳು. ಡಾಲ್ 64–57ರಿಂದ ಒಪ್ಪಿತು. 1922ರ ಜೂನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಆಗಸ್ಟ್ 22ರಂದು ಕಾಲಿನ್ಸ್ ತನ್ನ ಹುಟ್ಟೂರಿನ ಸೀಮೆಯಲ್ಲೇ ಹಳೆಯ ಸಂಗಾತಿಗಳ ಗುಂಡಿಗೆ ಬಲಿಯಾದ. ಹೌತ್‌ಗೆ ಬಂದೂಕು ತಂದಿದ್ದ ಚಿಲ್ಡರ್ಸ್‌ನನ್ನು ನವೆಂಬರಿನಲ್ಲಿ ಫ್ರೀ ಸ್ಟೇಟ್ ಸರ್ಕಾರವೇ ಗುಂಡಿಕ್ಕಿ ಕೊಂದಿತು. ಅವನ ಮಗ 1973ರಲ್ಲಿ ದೇಶದ ರಾಷ್ಟ್ರಾಧ್ಯಕ್ಷನಾದ.

ಗಡಿಯ ಬಗ್ಗೆ ಯಾಕೆ ಯಾರೂ ಅಷ್ಟಾಗಿ ಜಗಳವಾಡಲಿಲ್ಲ? ಒಪ್ಪಂದವನ್ನು ವಿರೋಧಿಸಿದ ಡಿ ವೆಲೆರಾ ಮುಂದಿಟ್ಟ ಪರ್ಯಾಯ ಕರಡಿನಲ್ಲೂ ಉತ್ತರದ ಕುರಿತ ಅಂಶಗಳು ಹೆಚ್ಚುಕಡಿಮೆ ಒಪ್ಪಂದದಲ್ಲಿದ್ದವೇ. ಕಾರಣ ಒಪ್ಪಂದದ ಹನ್ನೆರಡನೆಯ ಕಲಮು. ಜನರ ಇಚ್ಛೆಯನ್ನು ನೋಡಿ ಗಡಿಯನ್ನು ಸರಿಪಡಿಸಲು ಒಂದು ಆಯೋಗ ಬರುತ್ತದೆ ಎಂದು ಅದು ಹೇಳಿತ್ತು. ಫರ್ಮಾನಾ, ಟಿರೋನ್ ನಮಗೇ ಬರುತ್ತವೆ, ಉಳಿದ ತುಂಡು ಬಾಳಲಾರದೆ ತಾನಾಗಿ ಬಂದು ಸೇರುತ್ತದೆ ಎಂಬ ಲೆಕ್ಕ ಎರಡೂ ಬಣದಲ್ಲಿತ್ತು. ಆದರೆ ಅದೇ ಕಲಮಿನಲ್ಲಿ ‘ಆರ್ಥಿಕ ಮತ್ತು ಭೌಗೋಳಿಕ ಸ್ಥಿತಿಗೆ ಹೊಂದುವಷ್ಟರ ಮಟ್ಟಿಗೆ’ ಎಂಬ ಬಾಲವೂ ಇತ್ತು. ಆಯೋಗದ ಅಧ್ಯಕ್ಷ ನ್ಯಾಯಮೂರ್ತಿ ರಿಚರ್ಡ್ ಫೀದಮ್ ಆ ಬಾಲವನ್ನೇ ಹಿಡಿದ. ದೊಡ್ಡ ಬದಲಾವಣೆ ಇಲ್ಲ, ಮೇಲಾಗಿ ಡಾನಿಗಾಲಿನ ಒಂದು ತುಣುಕೇ ಉತ್ತರಕ್ಕೆ ಹೋಗುತ್ತದೆ ಎಂಬ ಸುದ್ದಿ 1925ರ ನವೆಂಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಸೋರಿತು. ಫ್ರೀ ಸ್ಟೇಟಿನ ಪ್ರತಿನಿಧಿ ರಾಜೀನಾಮೆ ಕೊಟ್ಟ. ಅವನು ಬೇರಾರೂ ಅಲ್ಲ, 1916ರಲ್ಲಿ ದಂಗೆ ರದ್ದು ಮಾಡಲು ಹೊರಟಿದ್ದ ಅದೇ ಮೆಕ್‌ನೀಲ್. ಡಿಸೆಂಬರ್ 3ರಂದು ಮೂರೂ ಸರ್ಕಾರಗಳು ಗಡಿ ಇದ್ದಂತೆಯೇ ಇರಲಿ ಎಂದು ಒಪ್ಪಿದವು. ಬದಲಿಗೆ ಬ್ರಿಟನ್ನಿನ ಸಾರ್ವಜನಿಕ ಸಾಲದ ಪಾಲು ಹೊರುವ ಹೊಣೆಯಿಂದ ಡಬ್ಲಿನ್ನಿಗೆ ಬಿಡುಗಡೆ ಸಿಕ್ಕಿತು.

ಪ್ರಮಾಣವಚನದ ಗತಿ? 1927ರಲ್ಲಿ ಡಿ ವೆಲೆರಾ ಅದನ್ನು ಪೊಳ್ಳು ಶಾಸ್ತ್ರ ಎಂದು ಕರೆದು ಪುಸ್ತಕಕ್ಕೆ ಸಹಿ ಹಾಕಿ ಡಾಲ್ ಪ್ರವೇಶಿಸಿದ. 1933ರಲ್ಲಿ, ಅವನದೇ ಸರ್ಕಾರ ಅದನ್ನು ಕಿತ್ತುಹಾಕಿತು. ಯಾರೂ ಗುಂಡು ಹಾರಿಸಲಿಲ್ಲ. ಅವನು 1937ರಲ್ಲಿ ತಂದ ಸಂವಿಧಾನದಿಂದಲೇ ನಮ್ಮ ರಾಜ್ಯನೀತಿಯ ನಿರ್ದೇಶಕ ತತ್ವಗಳ ಕಲ್ಪನೆ ಬಂದದ್ದು. 1949ರ ಏಪ್ರಿಲ್ 18ರಂದು ಐರ್ಲೆಂಡ್ ಗಣರಾಜ್ಯವಾಗಿ ಕಾಮನ್‌ವೆಲ್ತ್ ಬಿಟ್ಟಿತು. ಗಣರಾಜ್ಯವಾಗಿಯೂ ಅದರಲ್ಲಿ ಉಳಿಯಬಹುದು ಎಂಬ ತೀರ್ಮಾನ ಭಾರತಕ್ಕಾಗಿ ಆದದ್ದು ಅದೇ ತಿಂಗಳ ಕೊನೆಯಲ್ಲಿ.

ಗಡಿ ಮಾತ್ರ ಉಳಿಯಿತು, ಸುಮಾರು 500 ಕಿಲೋಮೀಟರ್, ಹೊಲಗಳ ನಡುವೆ ಹಾವಿನಂತೆ ಸುತ್ತುತ್ತ. ಉತ್ತರದಲ್ಲಿ 1972ರವರೆಗೆ ಒಂದೇ ಪಕ್ಷ ಆಳಿತು. ಕ್ಯಾಥೊಲಿಕರೇ ಹೆಚ್ಚಿದ್ದ ಡೆರಿ ನಗರದ ವಾರ್ಡುಗಳನ್ನು, ಪಾಲಿಕೆ ಸದಾ ಯೂನಿಯನಿಸ್ಟರಿಗೇ ಸಿಗುವಂತೆ ಕತ್ತರಿಸಲಾಗಿತ್ತು. ಸ್ಥಳೀಯ ಚುನಾವಣೆಯಲ್ಲಿ ಮನೆ ಇದ್ದವರಿಗಷ್ಟೇ ಮತ. 1968ರಲ್ಲಿ ನಾಗರಿಕ ಹಕ್ಕಿಗಾಗಿ ಅದೇ ಡೆರಿಯಲ್ಲಿ ಹೊರಟ ಮೆರವಣಿಗೆಯ ಮೇಲೆ ಲಾಠಿ ಬೀಸಿದ ಮೇಲೆ ಶುರುವಾದ ಮೂವತ್ತು ವರ್ಷದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು.

1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದ ಗಡಿಯನ್ನು ಅಳಿಸಲಿಲ್ಲ, ಅದರ ಬೀಗದ ಕೈಯನ್ನು ಅಲ್ಲಿನ ಮತದಾರರಿಗೆ ಕೊಟ್ಟಿತು. ಉತ್ತರದವರು ತಮ್ಮನ್ನು ಐರಿಷ್, ಬ್ರಿಟಿಷ್, ಅಥವಾ ಎರಡೂ ಎಂದು ಕರೆದುಕೊಳ್ಳಬಹುದು; ಇಡೀ ದ್ವೀಪ ತನ್ನದೆಂದು ಸಂವಿಧಾನದಲ್ಲಿ ಬರೆದುಕೊಂಡಿದ್ದ ಹಕ್ಕುದಾರಿಕೆಯನ್ನು ಡಬ್ಲಿನ್ ಜನಮತದ ಮೂಲಕ ಕೈಬಿಟ್ಟಿತು. 2021ರ ಜನಗಣತಿಯಲ್ಲಿ ಆ ಆರು ಕೌಂಟಿಗಳಲ್ಲಿ ಕ್ಯಾಥೊಲಿಕ್ ಹಿನ್ನೆಲೆಯವರು 45.7%, ಪ್ರಾಟೆಸ್ಟೆಂಟ್ ಹಿನ್ನೆಲೆಯವರು 43.5%. 2024ರ ಫೆಬ್ರವರಿಯಲ್ಲಿ ಶಿನ್ ಫೇನ್‌ನ ಮಿಷೆಲ್ ಓನೀಲ್ ಉತ್ತರ ಐರ್ಲೆಂಡಿನ ಪ್ರಥಮ ಸಚಿವೆಯಾದರು. ಆದರೂ ಒಗ್ಗೂಡುವ ಪ್ರಶ್ನೆಗೆ ಜನಗಣತಿ ಉತ್ತರವಾಗದು, ಯಾಕೆಂದರೆ ಕ್ಯಾಥೊಲಿಕರೆಲ್ಲ ಒಗ್ಗೂಡುವ ಪರವಲ್ಲ, ಯಾವ ಬಣಕ್ಕೂ ಸೇರದವರ ಸಂಖ್ಯೆಯೂ ಬೆಳೆಯುತ್ತಿದೆ. ಒಗ್ಗೂಡಲು ಬಹುಮತ ಬರುವ ಸಂಭವವಿದೆ ಎಂದು ಬ್ರಿಟಿಷ್ ಸಚಿವರಿಗೆ ಅನ್ನಿಸಿದಾಗ ಜನಮತಗಣನೆ ಕರೆಯಲೇಬೇಕು. ಒಮ್ಮೆ ಸೋತರೆ ಇನ್ನೊಂದಕ್ಕೆ ಏಳು ವರ್ಷ ಕಾಯಬೇಕು. ಆ ‘ಸಂಭವ’ವನ್ನು ಯಾವ ಅಳತೆಯಿಂದ ತೀರ್ಮಾನಿಸಬೇಕು ಎಂದು ಕಾನೂನು ಎಲ್ಲೂ ಹೇಳಿಲ್ಲ.